ಎರಡನೆಯ ಕೆಂಪು ಸುತ್ತು

ಆ ಬೀದಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳು ಹನ್ನೊಂದು. ಹತ್ತು ಅಂಗಡಿಯವರು ನೋಡಿ, ಮೂಸಿ, ತಲೆ ಕೆರೆದುಕೊಂಡು "ಇದು ಆಗಲ್ಲ" ಎಂದು ಕೈಬಿಟ್ಟ ಬೋರ್ಡು ಕೊನೆಗೆ ಬಂದು ಬೀಳುತ್ತಿದ್ದದ್ದು ಹನ್ನೊಂದನೆಯ ಅಂಗಡಿಯ ಮೇಷ್ಟ್ರ ಮೇಜಿನ ಮೇಲೆ. ಅವರೇನೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಕೆಂಪು ಪೆನ್ನಿನಿಂದ ಬಂದ ಹೆಸರು ಅದು. ಬೋರ್ಡು ಕೈಗೆ ಬಂದ ತಕ್ಷಣ ಅದರ ಫೋಟೋ ತೆಗೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಎಲ್ಲಿ ಕೆಟ್ಟಿತ್ತೋ ಅಲ್ಲಿಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಎರಡು ಸಾಲು ಬರೆದು, ಕೆಳಗೆ ತಾರೀಖಿನ ಸಮೇತ ಸಹಿ ಮಾಡಿ ಗಿರಾಕಿಯ ಕೈಗೆ ಕೊಡುತ್ತಿದ್ದರು. ಬೋರ್ಡು ಉಳಿದರೂ ಸುತ್ತು, ಸತ್ತರೂ ಸುತ್ತು. "ಏನಾಗಿತ್ತು ಅಂತ ಗೊತ್ತಾಗದೆ ಯಾರೂ ಈ ಅಂಗಡಿ ಮೆಟ್ಟಿಲು ಇಳೀಬಾರದು" ಎನ್ನುತ್ತಿದ್ದರು. ಹಾಗೆನ್ನುವಾಗ ಗದ್ದ ಎರಡು ಬೆರಳು ಮೇಲೇರುತ್ತಿತ್ತು. ಹೆಮ್ಮೆಯ ಮನುಷ್ಯ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಅವರು ಹಾಕಿದ ಸುತ್ತುಗಳಿಗೆ ಲೆಕ್ಕವಿಲ್ಲ. ಗೊತ್ತಿದ್ದೂ ತಪ್ಪು ಜಾಗಕ್ಕೆ ಹಾಕಿದ್ದು ಒಂದೇ ಒಂದು.

ಆ ಲ್ಯಾಪ್‌ಟಾಪ್ ತಂದವಳು ಒಬ್ಬ ಹೊಲಿಗೆಯವಳು. ನಲವತ್ತರ ಆಸುಪಾಸು. ಅವಸರದಲ್ಲಿ ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದಳು. ಅವಳ ಹಿಂದೆ ಅವಳ ಮಾವ, ಎಪ್ಪತ್ತೈದು ದಾಟಿದ ಮುದುಕರು, ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ನಿಂತಿದ್ದರು. ಅವರ ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು.

"ನಿನ್ನೆ ಮಧ್ಯಾಹ್ನ ಒಂದು ಲೋಟ ನೀರು ಬಿತ್ತು," ಎಂದಳು ಅವಳು. "ತಕ್ಷಣ ಆಫ್ ಮಾಡಿ ಬೋರಲು ಹಾಕಿದೆ. ಆಮೇಲೆ ಆನ್ ಮಾಡೋಕೇ ಹೋಗಿಲ್ಲ."

"ನೀರು ತಾನಾಗಿ ಬೀಳಲಿಲ್ಲ. ನಾನು ಬೀಳಿಸಿದೆ," ಎಂದರು ಮುದುಕರು.

"ಯಾರು ಬೀಳ್ಸಿದ್ರೂ ನೀರು ನೀರೇ, ಮಾವ. ಬಿಡಿ."

ಮೇಷ್ಟ್ರಿಗೆ ಇಬ್ಬರೂ ಹಿಡಿಸಿದರು. "ಆನ್ ಮಾಡದೆ ತಂದಿದ್ದು ಒಳ್ಳೇದಾಯ್ತು," ಎಂದರು. "ನೀರಿಗಿಂತ ಆಮೇಲೆ ಗುಂಡಿ ಒತ್ತಿ ನೋಡೋ ಕೈಯೇ ಜಾಸ್ತಿ ಬೋರ್ಡು ಕೊಲ್ಲೋದು. ಇದು ಉಳಿಯುತ್ತೆ." ಕಡ್ಡಿ ಮುರಿದ ಹಾಗೆ ಹೇಳುವುದು ಅವರಿಗೆ ಅಭ್ಯಾಸ.

ಅದರಲ್ಲಿ ಏನಿದೆ ಎಂದು ಅವಳೇ ಹೇಳಿದಳು. ಅಂಗಡಿಯ ಸಿದ್ಧ ಉಡುಪು ಯಾರ ಮೈಗೆ ಹೊಂದುವುದಿಲ್ಲವೋ ಅಂಥವರಿಗೆ ಅವಳು ಬಟ್ಟೆ ಹೊಲಿಯುತ್ತಿದ್ದಳು. ಬೆನ್ನು ಬಾಗಿದವರು, ಒಂದು ತೋಳಿಲ್ಲದವರು, ದಿನವೆಲ್ಲ ಗಾಲಿಕುರ್ಚಿಯಲ್ಲೇ ಕೂರುವವರು. ಒಬ್ಬೊಬ್ಬರ ಅಳತೆ ತೆಗೆಯಲು ಅರ್ಧ ದಿನ ಬೇಕು, ಏಕೆಂದರೆ ಕೆಲವರಿಗೆ ಮುಟ್ಟಿದರೆ ನೋವು, ಕೆಲವರಿಗೆ ಹೊರಳಿದರೆ ನೋವು. ಹಾಗೆ ಆರು ವರ್ಷದಲ್ಲಿ ಇನ್ನೂರ ಮೂವತ್ತು ಮಂದಿಯ ಅಳತೆ, ನಕ್ಷೆ ಎಲ್ಲ ಆ ಯಂತ್ರದಲ್ಲಿತ್ತು. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ. ಇಡಬೇಕು ಇಡಬೇಕು ಎಂದುಕೊಂಡೇ ಆರು ವರ್ಷ ಕಳೆದಿತ್ತು.

"ಮತ್ತೆ ಅವರನ್ನೆಲ್ಲ ಕರೆಸಿ ಮಲಗಿಸಿ ಎಬ್ಬಿಸಿ ಅಳತೆ ತಗೊಳ್ಳೋದು ನನ್ನ ಕೈಲಾಗಲ್ಲ. ಅವರ ಕೈಲೂ ಆಗಲ್ಲ," ಎಂದಳು.

"ಬೇಕಾಗಲ್ಲ," ಎಂದರು ಮೇಷ್ಟ್ರು.

ಮಾರನೆಯ ದಿನ, ಬುಧವಾರ, ಬೆಳಿಗ್ಗೆ ಬೋರ್ಡು ಬಿಚ್ಚಿ ಕೂತರು. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಎಡ ಅಂಚಿನಿಂದ ಹಸಿರು ತುಕ್ಕಿನ ಒಂದು ಗೆರೆ ಹೊರಟು ಬೋರ್ಡಿನ ನಡುವಿಗೆ ಬಂದು ನಿಂತಿತ್ತು. ಸ್ಪಿರಿಟ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆದರು. ಮೀಟರಿನ ಮೊನೆ ಹಿಡಿದು ಒಂದೊಂದೇ ಕರೆಂಟಿನ ದಾರಿ ಪರೀಕ್ಷಿಸಿದರು. ದೊಡ್ಡ ದಾರಿ ಸರಿಯಿತ್ತು, ಮೂರು ವೋಲ್ಟಿನ ದಾರಿ ಸರಿಯಿತ್ತು. ಮಾಹಿತಿ ಇಡುವ ಚಿಪ್ಪುಗಳಿಗೆ ಕರೆಂಟು ಒಯ್ಯುವ ಎರಡೂವರೆ ವೋಲ್ಟಿನ ದಾರಿಯಲ್ಲಿ ಮೀಟರು ಕಿರ್ ಎಂದಿತು. ಶಾರ್ಟ್ ಅಲ್ಲಿತ್ತು. ಕರೆಂಟು ಚಿಪ್ಪಿಗೆ ಹೋಗುವ ಬದಲು ನಡುದಾರಿಯಲ್ಲೇ ಎಲ್ಲೋ ನೆಲಕ್ಕಿಳಿದು ಹೋಗುತ್ತಿತ್ತು.

ಆ ದಾರಿಯುದ್ದಕ್ಕೂ ಸಾಸಿವೆ ಕಾಳಿಗಿಂತ ಚಿಕ್ಕ ಕೆಪಾಸಿಟರುಗಳು ಹದಿನಾಲ್ಕು. ಕೆಟ್ಟದ್ದು ಯಾವುದು ಎಂದು ಹುಡುಕಲು ಈ ಕಸುಬಿನವರದೊಂದು ಉಪಾಯವಿದೆ. ಬೋರ್ಡಿನ ಮೇಲೆ ಸ್ಪಿರಿಟ್ ಸವರಿ, ಮೇಜಿನ ಮೇಲಿನ ಪವರ್ ಸಪ್ಲೈ ಪೆಟ್ಟಿಗೆಯಿಂದ ಆ ದಾರಿಗೆ ಒಂದೇ ಒಂದು ವೋಲ್ಟು ಕೊಡಬೇಕು. ಕೆಟ್ಟದ್ದು ಬಿಸಿಯಾಗುತ್ತದೆ, ಅದರ ಮೇಲಿನ ಸ್ಪಿರಿಟ್ ಎಲ್ಲಕ್ಕಿಂತ ಮೊದಲು ಆರುತ್ತದೆ. ಅದನ್ನು ಕಿತ್ತು ಹಾಕಿದರೆ ಮುಗಿಯಿತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಕೊಡುವ ಮುಂಚೆ ಸಪ್ಲೈಯ ತಿರುಪು ಎಷ್ಟರಲ್ಲಿದೆ ಎಂದು ನೋಡಿಕೊಳ್ಳುವುದೊಂದೇ ಎಚ್ಚರಿಕೆ.

ಅದೇ ಹೊತ್ತಿಗೆ ಫೋನು ಬಂತು. ಎದುರು ಸಾಲಿನ ಅಂಗಡಿಯವನು. ಅವನ ಅವಸರ ನೋಡಿ ಬೀದಿಯವರು ಬಿರುಗಾಳಿ ಎಂದು ಹೆಸರಿಟ್ಟಿದ್ದರು. ಮೇಷ್ಟ್ರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಶಾರ್ಟ್ ಎಲ್ಲಿದೆ ಅಂತ ಸಿಕ್ತಾನೇ ಇಲ್ಲ. ಕರೆಂಟ್ ಕೊಟ್ಟು ನೋಡ್ಲಾ?"

"ಕೊಡು. ಆದ್ರೆ ಮೊದ್ಲು ವೋಲ್ಟೇಜ್ ಎಷ್ಟಿದೆ ನೋಡ್ಕೋ. ನಿನ್ನ ಅವಸರ ನಂಗೆ ಗೊತ್ತಿಲ್ವಾ. ಒಂದಕ್ಕಿಂತ ಮೇಲೆ ಹೋಗ್ಬೇಡ," ಎನ್ನುತ್ತ ಮೇಷ್ಟ್ರು ತಮ್ಮ ತಂತಿಯ ಮೊನೆಯನ್ನು ತಮ್ಮ ಬೋರ್ಡಿಗೆ ಒತ್ತಿದರು.

ಸ್ಪಿರಿಟ್ ಒಂದು ಕಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿತು. ಚಿಟ್ ಎಂದು ಸದ್ದಾಯಿತು, ಕೂದಲೆಳೆಯಷ್ಟು ಹೊಗೆ ಎದ್ದಿತು. ತುಕ್ಕು ಹಿಡಿದಿದ್ದ ಕೆಪಾಸಿಟರ್ ಸಿಡಿದು ಹೋಗಿತ್ತು. ಸಿಕ್ಕಿತು ಎಂದು ಮೇಷ್ಟ್ರು ಖುಷಿಪಟ್ಟರು. ಹಾಗೆ ಖುಷಿಪಡುತ್ತಲೇ ಕಣ್ಣು ಸಪ್ಲೈಯ ಅಂಕಿಯ ಮೇಲೆ ಬಿತ್ತು. ಹನ್ನೆರಡು.

ಇದನ್ನು ಬಿಚ್ಚುವ ಮುಂಚೆ ಬೇರೊಂದು ಬೋರ್ಡಿಗೆ ಹನ್ನೆರಡು ಇಟ್ಟು ನೋಡಿದ್ದರು. ಇಳಿಸಲು ಮರೆತಿದ್ದರು. ಕೆಟ್ಟ ಕೆಪಾಸಿಟರ್ ಇರುವಷ್ಟು ಹೊತ್ತು ಬಂದ ಕರೆಂಟನ್ನೆಲ್ಲ ಅದೇ ನುಂಗಿಕೊಳ್ಳುತ್ತಿತ್ತು. ಅದು ಸಿಡಿದ ಕ್ಷಣಕ್ಕೆ ಹನ್ನೆರಡು ವೋಲ್ಟೂ ಅದರಾಚೆ ಕೂತಿದ್ದ ಚಿಪ್ಪುಗಳ ಮೇಲೆ ಬಿದ್ದಿತ್ತು. ಎರಡೂವರೆಗೆ ಮಾಡಿದ ಚಿಪ್ಪುಗಳು ಅವು, ಬೋರ್ಡಿಗೇ ಬೆಸೆದವು. ಮೀಟರ್ ಹಿಡಿದು ನೋಡಿದರು. ಇನ್ನೂರ ಮೂವತ್ತು ಮಂದಿಯ ಅಳತೆ ಇದ್ದ ಜಾಗ ಹೆಣದಂತೆ ಬಿದ್ದಿತ್ತು.

"ಒಂದೇ ಸಾಕಲ್ವಾ ಮೇಷ್ಟ್ರೇ?" ಎಂದಿತು ಫೋನು.

"ಸಾಕು," ಎಂದರು ಮೇಷ್ಟ್ರು.

ಸಂಜೆ ಫೋಟೋ ಪ್ರಿಂಟ್ ಹಾಕಿ ಕೆಂಪು ಪೆನ್ನು ತೆಗೆದರು. ಮೊನೆಯನ್ನು ತುಕ್ಕು ಹಿಡಿದ ಕೆಪಾಸಿಟರಿನ ಹತ್ತಿರ ಒಯ್ದರು. ಅಲ್ಲಿ ಸುತ್ತು ಹಾಕಿ ಏನಾದರೊಂದು ಬರೆದರೆ ಹೊಲಿಗೆಯವಳು ನಂಬುತ್ತಿದ್ದಳು, ಪಾಪ. ಆದರೆ ಆ ಕಾಗದ ನಾಳೆ ಬೀದಿಯ ಇನ್ನೊಬ್ಬನ ಕಣ್ಣಿಗೆ ಬಿದ್ದರೆ ಏನು ಗತಿ? ಒಂದು ಕೆಪಾಸಿಟರ್ ತಾನೇ, ಕಿತ್ತು ಹಾಕಿದ್ದರೆ ಮುಗಿಯುತ್ತಿತ್ತು, ಇದಕ್ಕೆ ಚಿಪ್ಪು ಯಾಕೆ ಸತ್ತಿತು ಎಂದು ಬಿರುಗಾಳಿಯಂಥವನೂ ಕೇಳಿಯಾನು. ಪೆನ್ನು ಅಲ್ಲಿಂದ ಎದ್ದಿತು. ಬೋರ್ಡಿನ ಬಲಗಡೆ, ನೀರಿನ ಹನಿಯೂ ಸೋಕದೆ ಫಳಫಳ ಹೊಳೆಯುತ್ತಿದ್ದ ಚಿಪ್ಪುಗಳ ಸುತ್ತ ಒಂದು ಗುಂಡನೆಯ ಸುತ್ತು ಹಾಕಿತು. 'ಚಿಪ್ಪಿನ ಅಡಿಗೆ ನೀರು ನುಗ್ಗಿ ಸುಟ್ಟಿದೆ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದರು. ಅಷ್ಟು ಚೆಂದದ ಸುತ್ತನ್ನು ಅವರು ಹಿಂದೆಂದೂ ಹಾಕಿರಲಿಲ್ಲ.

ಗುರುವಾರ ಇಬ್ಬರೂ ಬಂದರು. ಅವಳು ಕಾಗದ ನೋಡಿದಳು, ಸ್ಟೂಲಿನ ಮೇಲೆ ಕೂತಳು, ಸದ್ದಿಲ್ಲದೆ ಅತ್ತಳು. ಮುದುಕರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಯಾರದೋ ಮನೆಯ ತುಂಟ ಮಗುವನ್ನು ಹಿಡಿದು ನಿಲ್ಲಿಸಿದವರಂತೆ ನಿಂತಿದ್ದರು.

"ಬೇಕಂತ ಮಾಡಿದ್ದಲ್ಲ ಮಾವ. ಮನೆಗೆ ಹೋಗೋಣ ಬನ್ನಿ," ಎಂದಳು ಅವಳು ಕಣ್ಣೊರೆಸಿಕೊಂಡು. ಮೇಷ್ಟ್ರು ಕೆಲಸಕ್ಕೆ ಏನೂ ತೆಗೆದುಕೊಳ್ಳಲಿಲ್ಲ. "ನಿಮ್ಮದು ದೊಡ್ಡ ಮನಸ್ಸು," ಎಂದು ಹೇಳಿ ಹೊರಟಳು. ಅವರು ಬೀದಿ ತಿರುವು ದಾಟುವವರೆಗೂ ಮೇಷ್ಟ್ರು ತಲೆಯೆತ್ತಲಿಲ್ಲ.

ನಾಚಿಕೆಗೆ ಒಂದು ಕೆಟ್ಟ ಗುಣವಿದೆ. ಅದು ಗದ್ದಲ ಮಾಡುವುದಿಲ್ಲ, ಮೈಗೆ ಸರಿಯಾಗದ ಅಂಗಿಯ ಹಾಗೆ ಹೋದಲ್ಲೆಲ್ಲ ಜೊತೆಗೇ ಇರುತ್ತದೆ. ಮೇಷ್ಟ್ರು ಈಗ ಕೆಲಸಕ್ಕೆ ಕೂತರೆ ಸಪ್ಲೈಯ ಅಂಕಿಯನ್ನು ಮೂರು ಸಲ ನೋಡುತ್ತಿದ್ದರು. ಇದರ ಮೇಲೆ ಬಿರುಗಾಳಿ ಬೇರೆ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. "ಅವತ್ತು ಮೇಷ್ಟ್ರು ವೋಲ್ಟೇಜ್ ನೋಡ್ಕೋ ಅನ್ನದೇ ಇದ್ದಿದ್ರೆ ನಾನು ಆ ಬೋರ್ಡು ಸುಟ್ಟುಹಾಕ್ತಿದ್ದೆ. ಎಂಟಕ್ಕಿತ್ತು ನಂದು. ಅವರ ಬಾಯಿಂದ ಬೋರ್ಡು ಉಳೀತು." ಹಾಗೆ ಅಟ್ಟಕ್ಕೇರಿಸುವಾಗಲೆಲ್ಲ ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಹೋಗಿ ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡರು. ಇವತ್ತು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು ದಿನಾ ಸುಮ್ಮನಾದರು. ಹೀಗೆ ಹತ್ತು ವಾರ ಸಂದವು.

ಹನ್ನೊಂದನೆಯ ವಾರ ಒಂದು ಬೆಳಿಗ್ಗೆ ಮುದುಕರು ಒಬ್ಬರೇ ಬಂದರು. ಬಗಲಲ್ಲಿ ಒಂದು ನೀರಿನ ಬಾಟಲಿ, ಚೆಲ್ಲದಂತೆ ಚಿಕ್ಕ ಮಕ್ಕಳು ಕುಡಿಯುವಂಥ ಮುಚ್ಚಳದ್ದು.

"ನಂದೊಂದು ಅನುಮಾನ," ಎಂದರು. "ನಿಮ್ಮ ಮೇಲಲ್ಲ, ನನ್ನ ಮೇಲೆ."

ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಬಿಚ್ಚಿ ಮಡಚಿ ಬಿಚ್ಚಿ ಮಡಚಿ ಮಡಿಕೆಗಳು ಸವೆದಿದ್ದವು.

"ನಾನು ನಲವತ್ತೊಂದು ವರ್ಷ ನಲ್ಲಿ, ಪೈಪು ಕೆಲಸ ಮಾಡಿದೋನು. ಈ ಕರೆಂಟಿನ ವಿಚಾರ ನಂಗೆ ಒಂದಕ್ಷರ ಗೊತ್ತಿಲ್ಲ. ನೀರಿನ ವಿಚಾರ ಸ್ವಲ್ಪ ಗೊತ್ತು. ಲೋಟ ಬಿದ್ದಿದ್ದು ಎಡಗಡೆ, ಇಲ್ಲಿ. ಈ ಹಸಿರು ಗೆರೆ ನೀರು ಹೋದ ದಾರಿ. ಇಲ್ಲಿಗೆ ಬಂದು ನಿಂತಿದೆ. ನಿಮ್ಮ ಸುತ್ತು ಇರೋದು ಆ ತುದೀಲಿ. ಮಧ್ಯೆ ನಾಲ್ಕು ಬೆರಳು ಒಣ ಜಾಗ ಇದೆ. ಅಲ್ಲಿಗೆ ನೀರು ಹೇಗೆ ಹೋಯ್ತು?"

"ಕೀಬೋರ್ಡಿನ ಅಡಿಯಲ್ಲಿ ನೀರು ಎಲ್ಲೆಲ್ಲೋ ಓಡಾಡುತ್ತೆ," ಎಂದರು ಮೇಷ್ಟ್ರು.

"ಓಡಾಡಿದ್ರೆ ಗುರುತು ಬಿಡುತ್ತೆ," ಎಂದರು ಮುದುಕರು ಮೆತ್ತಗೆ. ವಾದಕ್ಕೆ ಬಂದ ದನಿಯಲ್ಲ ಅದು. "ಹತ್ತು ವಾರ ಇದನ್ನೇ ನೋಡಿದೀನಿ. ಕೊನೆಗೆ ನಂಗೆ ಹೊಳೆದಿದ್ದು ಇಷ್ಟು. ನಾನು ಎರಡು ಸಲ ಚೆಲ್ಲಿದೀನಿ. ಒಂದು ಸಲ ನೆನಪಿದೆ, ಇನ್ನೊಂದು ಸಲ ನೆನಪಿಲ್ಲ."

ಮುದುಕರು ತಮ್ಮ ಬಲಗೈಯತ್ತ ನೋಡಿಕೊಂಡರು.

"ಕೈ ನಡುಗೋದು ಇರಲಿ, ಅದಕ್ಕೆ ಒಗ್ಗಿಕೊಂಡಿದೀನಿ. ತಲೆ ಹೋಗ್ತಿದೆ ಅನ್ನೋದೇ ಭಯ. ಸೊಸೆ ಹೊಲಿದಿದ್ದಕ್ಕೆಲ್ಲ ನಾನೇ ಇಸ್ತ್ರಿ ಹಾಕ್ತಿದ್ದೆ, ಬಿಟ್ಟುಬಿಟ್ಟೆ. ನೀರು ಚೆಲ್ಲಿದ್ದು ಮರೆಯೋನು ಬಿಸಿ ಇಸ್ತ್ರಿಪೆಟ್ಟಿಗೆ ಮರೆಯಲ್ಲ ಅಂತ ಏನು ಗ್ಯಾರಂಟಿ? ಮಗ ಲಾರಿ ಓಡಿಸ್ತಾ ಊರೂರು ತಿರುಗ್ತಾನೆ, ಮನೇಲಿ ನಾವಿಬ್ಬರೇ. ನೀವು ತಿಳಿದೋರು. ಹೀಗಾಗಿರಬಹುದು ಅಂತ ಒಂದು ಮಾತು ನೀವು ಹೇಳಿದ್ರೆ ಇವತ್ತೇ ಅವಳಿಗೆ ಹೇಳ್ತೀನಿ. ನನ್ನ ಮೇಲೆ ಒಂದು ಕಣ್ಣಿಟ್ಟಿರಮ್ಮ, ನನ್ನ ತಲೆ ನನ್ನ ಮಾತು ಕೇಳ್ತಿಲ್ಲ ಅಂತ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಬಾಗಿಲು ತೆರೆಯುವುದು ಸಾಧ್ಯವಿರಲಿಲ್ಲ. ಮೇಷ್ಟ್ರ ನಾಲಿಗೆ ಹೊರಳಿತು. ಆದರೆ ಅದು ಹೊರಳಿದ್ದು ಹತ್ತು ವಾರದಿಂದ ಒಗ್ಗಿದ್ದ ಕಡೆಗೇ.

"ಇರಬಹುದು," ಎಂದರು.

ಮುದುಕರು ತಲೆಯಾಡಿಸಿದರು. ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಜೇಬಿಗಿಟ್ಟರು. "ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ರಿ, ಉಪಕಾರ ಆಯ್ತು," ಎಂದು ಮೆಟ್ಟಿಲಿಳಿದರು. ಒಂದೊಂದು ಮೆಟ್ಟಿಲಿಗೂ ನಿಂತು, ತಮ್ಮ ಕಾಲನ್ನೂ ನಂಬದವರ ಹಾಗೆ ಇಳಿದರು. ಬಂದಾಗ ಹಾಗೆ ಹತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ ಮೇಷ್ಟ್ರು ಅನ್ನ ಕಲಸುತ್ತಲೇ ಕೂತಿದ್ದರು. ಏನಾಯಿತೆಂದು ಹೆಂಡತಿ ಕೇಳಿದಳು. ಮೊದಲಿನಿಂದ ಹಿಡಿದು ಮುದುಕರು ಕೇಳಿದ ಮಾತಿನವರೆಗೆ ಎಲ್ಲ ಹೇಳಿದರು.

"ಅವರು ಅಷ್ಟು ಕೇಳಿದ ಮೇಲೆ ನೀವೇನಂದ್ರಿ?"

"ಇರಬಹುದು ಅಂದೆ."

ಹೆಂಡತಿ ಅವರ ಮುಂದಿನ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಮರೆತು ತಿರುಪು ಇಳಿಸದೇ ಇದ್ದಿದ್ದು ಒಂದು. ಇದು ಮರೆತು ಅಂದಿದ್ದಲ್ಲ," ಎಂದಳು. "ಊಟ ಆಮೇಲೆ ಮಾಡಿ. ಅವರು ಸೊಸೆ ಹತ್ರ ಬಾಯಿ ಬಿಡೋ ಮುಂಚೆ ಹೋಗಿ." ಕಟ್ಟಿಕೊಂಡ ಇಪ್ಪತ್ತಾರು ವರ್ಷದಲ್ಲಿ ಅವಳು ಅವರನ್ನು ಹಾಗೆ ನೋಡಿರಲಿಲ್ಲ. ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿದರು.

ದಾರಿಯಲ್ಲಿ ಅಂಗಡಿಗೆ ಹೋಗಿ ಅದೇ ಫೋಟೋವನ್ನು ಮತ್ತೆ ಪ್ರಿಂಟ್ ಹಾಕಿದರು. ಕೆಂಪು ಸುತ್ತು ಈ ಸಲ ಹಸಿರು ಗೆರೆಯ ಕೊನೆಗೆ, ತುಕ್ಕು ಹಿಡಿದ ಕೆಪಾಸಿಟರಿಗೆ ಬಿತ್ತು. ಪಕ್ಕದಲ್ಲಿ ಬರೆದರು: 'ನೀರಿನಿಂದ ಕೆಟ್ಟದ್ದು ಇದೊಂದೇ. ತೆಗೆದಿದ್ದರೆ ಬೋರ್ಡು ಉಳಿಯುತ್ತಿತ್ತು. ಒಂದು ವೋಲ್ಟು ಕೊಡಬೇಕಾದಲ್ಲಿ ನಾನು ಹನ್ನೆರಡು ಕೊಟ್ಟೆ. ಚಿಪ್ಪು ಸುಟ್ಟದ್ದು ಅದರಿಂದ.'

ಹೊಲಿಗೆಯವಳ ಮನೆ ಎರಡನೆಯ ಮಹಡಿಯಲ್ಲಿ. ಬಾಗಿಲು ತೆರೆದೇ ಇತ್ತು. ಮುಂಕೋಣೆಯೇ ಅವಳ ಕೆಲಸದ ಜಾಗ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಹತ್ತಿ ತುಂಬಿದ ಬೊಂಬೆಗಳು, ಒಂದರ ಎಡ ಭುಜ ಗೇಣಿನಷ್ಟು ಕೆಳಗೆ. ಮೂಲೆಯ ಇಸ್ತ್ರಿ ಮೇಜಿನ ಮೇಲೆ ಇಸ್ತ್ರಿ ಕಾಣದ ಬಟ್ಟೆಗಳ ರಾಶಿ. ಅವಳು ಮಾವನ ಎದುರು ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡಿದ್ದಳು. ಅವಳ ಮುಖ ನೋಡಿದರೆ ಸಾಕಾಗಿತ್ತು. ಮುದುಕರು ಆಗಲೇ ಹೇಳಿಬಿಟ್ಟಿದ್ದರು.

"ಬನ್ನಿ," ಎಂದಳು. "ಮಾವ ಈಗ ತಾನೇ ಹೇಳಿದ್ರು. ನೀವೂ ಹೌದು ಅಂದ್ರಂತೆ."

"ನಾನು ಸುಳ್ಳು ಹೇಳಿದೆ," ಎಂದರು ಮೇಷ್ಟ್ರು ಹೊಸ್ತಿಲ ಮೇಲೆ ನಿಂತೇ. ಒಳಗೆ ಕಾಲಿಡುವ ಮುಂಚೆ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತ್ತು. "ಇವತ್ತೂ ಸುಳ್ಳು ಹೇಳಿದೆ, ಅವತ್ತೂ ಹೇಳಿದೆ." ಕಾಗದ ಚಾಚಿದರು. ಅವಳು ಎದ್ದು ಬಂದು ತೆಗೆದುಕೊಂಡು ಓದಿದಳು. ಇನ್ನೊಮ್ಮೆ ಓದಿದಳು.

"ಯಾವತ್ತು?"

"ಬುಧವಾರ ಬೆಳಿಗ್ಗೆ."

"ಹಾಗಾದ್ರೆ ಗುರುವಾರ ನಾನು ಅಲ್ಲಿ ಕೂತು ಅತ್ತಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ದೊಡ್ಡ ಮನಸ್ಸು ಅಂದಾಗಲೂ ಗೊತ್ತಿತ್ತು."

ಅವಳು ಬೈಯಬಹುದು ಎಂದುಕೊಂಡರು ಮೇಷ್ಟ್ರು, ಬೈದರೆ ಸಾಕು ಎಂದೂ ಬೇಡಿಕೊಂಡರು. ಅವಳು ಅವರ ಕಡೆ ನೋಡಲೇ ಇಲ್ಲ.

"ಹತ್ತು ವಾರದಿಂದ ನಾನು ಮಾವನ್ನ ಕ್ಷಮಿಸ್ತಾನೇ ಇದೀನಿ," ಎಂದಳು ಯಾರಿಗೋ ಹೇಳುವಂತೆ. "ದಿನಾ ಕ್ಷಮಿಸ್ತೀನಿ. ಒಂದಿನಾನೂ ಗದರಿಲ್ಲ. ಆ ಮಕ್ಕಳ ಬಾಟ್ಲಿ ತಂದುಕೊಟ್ಟೆ, ನಗ್ತಾ ನಗ್ತಾ. ಅವರು ತಲೆ ತಗ್ಗಿಸಿ ಅದರಲ್ಲಿ ಕುಡಿಯೋದು ನೋಡಿ, ನಾನೆಷ್ಟು ಒಳ್ಳೆಯವಳು ಅಂದುಕೊಂಡೆ." ಅವಳ ಕಿವಿಯವರೆಗೆ ಕೆಂಪೇರಿತ್ತು. ನನ್ನ ನಾಚಿಕೆಯನ್ನು ಹೊತ್ತು ತಂದು ಈ ಮನೆಯೊಳಗೂ ಇಳಿಸಿದೆನಲ್ಲ ಎಂದು ಮೇಷ್ಟ್ರಿಗೆ ಆಗ ಗೊತ್ತಾಯಿತು.

ಮುದುಕರು ಎದ್ದು ಬಂದು ಸೊಸೆಯ ಕೈಯಿಂದ ಕಾಗದ ತೆಗೆದುಕೊಂಡರು. ಜೇಬಿನಿಂದ ಹಳೆಯದನ್ನೂ ತೆಗೆದು ಎರಡನ್ನೂ ಇಸ್ತ್ರಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಬೆರಳಿನಿಂದ ಹಸಿರು ಗೆರೆಯನ್ನು ಎಡ ಅಂಚಿನಿಂದ ಹಿಡಿದು ಹೊಸ ಸುತ್ತಿನವರೆಗೆ ಎಳೆದರು. ನಡುವೆ ಎಲ್ಲೂ ಒಣ ಜಾಗ ಇರಲಿಲ್ಲ.

"ಹಾಗಾದ್ರೆ ನಾನು ಚೆಲ್ಲಿದ್ದು ಒಂದೇ ಸಲ," ಎಂದರು.

"ಒಂದೇ ಸಲ," ಎಂದರು ಮೇಷ್ಟ್ರು.

"ನೆನಪಿದೆಯಲ್ಲ, ಅದೇ ಸಲ."

"ಅದೇ ಸಲ."

ಮುದುಕರ ಮುಖದಲ್ಲಿ ಕಂಡ ನಿರಾಳವನ್ನು ನೋಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವರಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಬಿಡುವೂ ಅವರಿಗೆ ಇದ್ದಂತೆ ಕಾಣಲಿಲ್ಲ. ಇಸ್ತ್ರಿಪೆಟ್ಟಿಗೆಯ ವೈರನ್ನು ಬಿಚ್ಚಿ, ಪ್ಲಗ್ಗು ಸಿಕ್ಕಿಸಿ, ರಾಶಿಯ ಮೇಲಿನ ಬಟ್ಟೆ ಎಳೆದು ಹರಡಿದರು.

ಸೊಸೆ ಹೊಸ ಕಾಗದವನ್ನು ಎತ್ತಿಕೊಂಡಳು. ಯಂತ್ರದ ಮೇಲಿನ ಗೋಡೆಗೆ, ಬರುವ ಗಿರಾಕಿಗಳಿಗೆಲ್ಲ ಕಾಣುವ ಜಾಗದಲ್ಲಿ, ಮೇಲಿನ ಎರಡು ಮೂಲೆಗೆ ಎರಡು ಗುಂಡುಪಿನ್ನು ಚುಚ್ಚಿ ನಿಲ್ಲಿಸಿದಳು. "ಮತ್ತೆ ಅಳತೆ ಕೊಡೋಕೆ ಬಂದೋರು ಯಾಕೆ ಅಂತ ಕೇಳ್ತಾರೆ. ಇನ್ನು ಮೇಲೆ ಇದನ್ನ ತೋರಿಸ್ತೀನಿ," ಎಂದಳು. ಆಮೇಲೆ ಸ್ವಲ್ಪ ಬಗ್ಗಿ ನೋಡಿದಳು. "ಇದಕ್ಕೆ ಸಹಿ ಇಲ್ಲ."

ಇರಲಿಲ್ಲ. ಮರೆತಿದ್ದರೋ, ಕೈ ಬಂದಿರಲಿಲ್ಲವೋ, ಮೇಷ್ಟ್ರಿಗೇ ತಿಳಿಯಲಿಲ್ಲ. ಅವಳು ಬಟ್ಟೆಗೆ ಗುರುತು ಹಾಕುವ ಕೆಂಪು ಪೆನ್ಸಿಲನ್ನು ಅವರ ಮುಂದೆ ಹಿಡಿದಳು.

ಮೇಷ್ಟ್ರು ಹೊಸ್ತಿಲು ದಾಟಿ ಗೋಡೆಯ ಹತ್ತಿರ ಹೋದರು. ಕಾಗದದ ಕೆಳತುದಿ ಫ್ಯಾನಿನ ಗಾಳಿಗೆ ಏಳುತ್ತಿತ್ತು. ಇಸ್ತ್ರಿ ಬಿಟ್ಟು ಬಂದ ಮುದುಕರು ಕೇಳದೆಯೇ ಆ ತುದಿಯನ್ನು ಗೋಡೆಗೆ ಒತ್ತಿ ಹಿಡಿದರು. ಅವರ ಕೈ ನಡುಗಿತು, ಕಾಗದವೂ ಅದರ ಜೊತೆ ನಡುಗಿತು. ಮೇಷ್ಟ್ರು ಸಹಿ ಹಾಕಿದರು. ಅಕ್ಷರಗಳು ಮೇಲೆ ಕೆಳಗೆ ಹತ್ತಿಳಿದು, ಎಲ್ಲೋ ಶುರುವಾಗಿ ಎಲ್ಲೋ ಮುಗಿದವು.

"ಛೆ, ನನ್ನ ಕೈಯಿಂದ ಹಾಳಾಯ್ತು," ಎಂದರು ಮುದುಕರು, ರೂಢಿಯ ಮಾತಿನಂತೆ.

"ಇಲ್ಲ," ಎಂದರು ಮೇಷ್ಟ್ರು. "ಅದು ನನ್ನ ಕೈ."